ತೊಂಬತ್ತು ಡಿಗ್ರಿಯ ಖಂಡಪ್ಪ

ಮುಂಬಯಿಯ ಭಾಂಡುಪ್ ಸ್ಟೇಷನ್ ರೋಡಿನಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಖಂಡಪ್ಪನವರ ಬಲಗಾಲು ಒಂದು ನೈಟಿ ಕದ್ದಿತು.

ಕದ್ದದ್ದು ಕಾಲು, ಕಾಲಿನ ಮಾಲೀಕರಿಗೆ ಸುದ್ದಿಯೇ ಇರಲಿಲ್ಲ. ಮೊಣಕಾಲಿನ ಕೀಲು ಬದಲಿಸಿ ಐದು ವಾರವಾಗಿತ್ತು, ಕಾಲು ಮಡಚಲು ಬರುತ್ತಿರಲಿಲ್ಲ. ಮಡಚಲು ಬಾರದ ಕಾಲನ್ನು ಆಟೋರಿಕ್ಷಾದೊಳಗೆ ತುರುಕುವುದೆಂದರೆ ಬಿಚ್ಚಿದ ಕೊಡೆ ಹಿಡಿದು ಲೋಕಲ್ ಟ್ರೇನ್ ಹತ್ತಿದಂತೆ. ಹಾಗಾಗಿ ಖಂಡಪ್ಪನವರು ಸೀಟಿನ ಮೇಲೆ ಅಡ್ಡಡ್ಡ ಕೂತು, ಬೆನ್ನನ್ನು ಹೆಂಡತಿ ಸೋಮವ್ವನ ಭುಜಕ್ಕೆ ಆನಿಸಿ, ಕಾಲನ್ನು ಸಿಗ್ನಲ್ ಕಂಬದ ಕೈಯಂತೆ ಹೊರಗೆ ಚಾಚಿದ್ದರು. ಟ್ರಾಫಿಕ್ಕಿನಲ್ಲಿ ರಿಕ್ಷಾ ನಿಂತಿತು. ಪಕ್ಕದಲ್ಲೇ ಕೈಗಾಡಿ, ಗಾಡಿಯ ಮೇಲೆ ಹ್ಯಾಂಗರಿನಲ್ಲಿ ತೂಗಾಡುವ ನೈಟಿಗಳು. ರಿಕ್ಷಾ ಹೊರಟಾಗ ಹಳದಿ ಹೂವಿನದೊಂದು ನೈಟಿ, ಕುತ್ತಿಗೆಯ ಜಾಗದಲ್ಲಿ ಖಂಡಪ್ಪನವರ ಹೆಬ್ಬೆರಳನ್ನು ತೂರಿಸಿಕೊಂಡು, ಹ್ಯಾಂಗರ್ ಸಮೇತ ಹೊರಟೇಬಿಟ್ಟಿತು.

"ಅರೇ ಚೋರ್! ನೈಟಿ ಚೋರ್!" ಎಂದು ಗಾಡಿಯವನು ಹಿಂದಿನಿಂದ ಓಡಿ ಬಂದ. ಇಡೀ ರಸ್ತೆ ತಿರುಗಿ ನೋಡಿತು. ಸೋಮವ್ವ ಗಂಡನ ಬೆನ್ನ ಹಿಂದೆ ಸಿಕ್ಕಿಹಾಕಿಕೊಂಡಿದ್ದಳು. ಕೈ ಚಾಚಿದರೂ ಎಟುಕದು. ಖಂಡಪ್ಪನವರು ಬಗ್ಗಿದರೂ ಎಟುಕದು. ಓಡಿ ಬಂದವನು ಬಿಗಿದ ಕಾಲನ್ನೂ ಬೆವೆತ ಮುಖವನ್ನೂ ನೋಡಿ ಮೆತ್ತಗಾದ. ಬೆರಳಿನಿಂದ ನೈಟಿ ಬಿಡಿಸಿಕೊಳ್ಳುತ್ತ, ಸೋಮವ್ವನ ಗಾತ್ರ ನೋಡಿ, "ಕಾಕಾ, ಕಾಕೀ ಕೇ ಲಿಯೇ ಎಕ್ಸೆಲ್ ಲಗೇಗಾ" ಎಂದ.

ಖಂಡಪ್ಪನವರು ಕಣ್ಣು ಮುಚ್ಚಿಕೊಂಡರು. ವಿಕ್ರೋಳಿಯ ಪಂಪಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದ ಮನುಷ್ಯ. ದಿನಾ ಸಂಜೆ ಗೇಟಿನಲ್ಲಿ ಮೈ, ಚೀಲ ತಡಕುವ ಝಡತಿ ಆಗುತ್ತಿತ್ತು. ಅವರ ಟಿಫಿನ್ ಡಬ್ಬಿಯಲ್ಲಿ ಒಂದು ಸ್ಕ್ರೂ ಕೂಡ ಸಿಕ್ಕಿದ್ದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಾಯುತ್ತಿದ್ದರು. ಉಡುಪಿ ಕಡೆಯವರು, ಮಾತು ಮೆತ್ತಗೆ, ಕೈ ಗಟ್ಟಿ. ಎರಡು ರೆಕ್ಕೆಯ ಪ್ಲಾಸ್ಟಿಕ್ ಕೋನಮಾಪಕವನ್ನು ಮೊಣಕಾಲಿನ ಪಕ್ಕಕ್ಕೆ ಹಿಡಿದು, "ಮಡಚಿ, ಆಗುವಷ್ಟು ಮಡಚಿ" ಎಂದರು. ಖಂಡಪ್ಪನವರು ಆಗುವಷ್ಟು ಮಡಚಿದರು. ಆಗಲಿಲ್ಲ.

"ಐವತ್ತೆಂಟು. ಇಷ್ಟು ಹೊತ್ತಿಗೆ ತೊಂಬತ್ತು ದಾಟಬೇಕಿತ್ತು. ಐದು ವಾರ ಎಂತ ಮಾಡಿದಿರಿ ಮಾರಾಯ್ರೆ?"

"ರನ್ನಿಂಗ್ ಇನ್ ಮಾಡಿದೆನ್ರಿ" ಎಂದರು ಖಂಡಪ್ಪನವರು, ಸ್ವಲ್ಪ ಹೆಮ್ಮೆಯಿಂದಲೇ.

ಅದೊಂದು ಕಾರ್ಖಾನೆಯ ಶಾಸ್ತ್ರ. ಹೊಸ ಪಂಪಿಗೆ ಹೊಸ ಶಾಫ್ಟು, ಹೊಸ ಬುಶ್ಶು ಹಾಕಿದ ಮೇಲೆ ಮೊದಮೊದಲು ಭಾರ ಹೇರಬಾರದು. ಮೆಲ್ಲಗೆ, ಖಾಲಿಯಾಗಿ, ತನ್ನಷ್ಟಕ್ಕೆ ತಿರುಗಲು ಬಿಡಬೇಕು. ಅವಸರಪಟ್ಟು ಭಾರ ಹೇರಿದರೆ ಬುಶ್ಶು ಕಾದು ಕಚ್ಚಿಕೊಳ್ಳುತ್ತದೆ. ಎಷ್ಟು ಹುಡುಗರಿಗೆ ಖಂಡಪ್ಪನವರು ಈ ಪಾಠ ಹೇಳಿ ಕಿವಿ ಹಿಂಡಿದ್ದರೋ! ಈಗ ತಮ್ಮ ಕಾಲಿನೊಳಗೇ ಹೊಸ ಸ್ಟೀಲು, ಹೊಸ ಪ್ಲಾಸ್ಟಿಕ್ಕು ಬಂದು ಕೂತಾಗ ಅವರು ಬೇರೆ ಯಾರ ಮಾತನ್ನು ಕೇಳಬೇಕು? ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟರು. ಆ ಮನೆಯಲ್ಲಿ ಐದು ವಾರ ಮಡಚಿದ್ದು ಅದೊಂದೇ. ಮೊಣಕಾಲಿನ ಕೆಳಗೆ ಎರಡು ದಿಂಬು ಇಟ್ಟು, ಬಚ್ಚಲಿಗೆ ಬಿಟ್ಟು ಬೇರೆಲ್ಲಿಗೂ ಹೋಗದೆ, ಯಂತ್ರ ತನ್ನಷ್ಟಕ್ಕೆ ಕೂಡಿಕೊಳ್ಳಲೆಂದು ಮಲಗಿದರು. ಮನೆಗೆ ಬಂದ ಫಿಸಿಯೋ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ, "ಹೊಸಾ ಮಷೀನ್ ಐತಿ ತಂಗಿ, ಈಗ ಲೋಡ್ ಹಾಕೂದು ಬ್ಯಾಡ" ಎಂದು ಖಂಡಪ್ಪನವರು ಖಂಡತುಂಡವಾಗಿ ಹೇಳಿ ಕಳಿಸಿದ್ದರು.

ಇದನ್ನೆಲ್ಲ ಕೇಳಿ ಡಾಕ್ಟರು ಹಣೆ ಒತ್ತಿಕೊಂಡರು. "ಮಷೀನಿಗೆ ಏನೂ ಆಗಿಲ್ಲ. ಮಷೀನಿನ ಸುತ್ತ ಇರುವುದು ಮಾಂಸ. ಅದನ್ನು ಸುಮ್ಮನೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ದಿಂಬು ಇಟ್ಟದ್ದಂತೂ ಕೇಳುವುದೇ ಬೇಡ. ಈಗ ಕಾಲು ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ನೆಟ್ಟಗಾಗುವುದೂ ಇಲ್ಲ. ಎರಡು ವಾರ ಕೊಡುತ್ತೇನೆ. ತೊಂಬತ್ತು ಮಾಡಿಕೊಂಡು ಬನ್ನಿ."

"ಆಗಲಿಲ್ಲಂದ್ರ?"

"ಮತ್ತೆ ಅರಿವಳಿಕೆ ಕೊಟ್ಟು ಮಲಗಿಸಿ ನಾನೇ ಕೈಯಾರೆ ಮಡಚಬೇಕಾಗುತ್ತದೆ. ಅಂಟಿಕೊಂಡದ್ದು ಹರಿಯುತ್ತದೆ. ಚಟಚಟ ಅಂತ ಶಬ್ದ ಬರುತ್ತದೆ. ಆ ಹೊತ್ತಿಗೆ ನಿಮಗೆ ಎಚ್ಚರ ಇರುವುದಿಲ್ಲ ಬಿಡಿ."

ಡಾಕ್ಟರು ಅದಕ್ಕೊಂದು ಒಪ್ಪಿಗೆಯ ಫಾರ್ಮ್ ತುಂಬಿ, ತಾರೀಖು ಬರೆದು, ಸಹಿಯ ಜಾಗ ಖಾಲಿ ಬಿಟ್ಟು ಫೈಲಿನಲ್ಲಿಟ್ಟರು.

ಮನೆಗೆ ಮರಳುವಾಗ ಸೋಮವ್ವ ಧೈರ್ಯ ಹೇಳಿದಳು: "ಎಚ್ಚರ ಇರೂದಿಲ್ಲಂತ, ಮತ್ಯಾಕ ಅಂಜ್ತೀರಿ?"

ಎಚ್ಚರ ಇರುವುದಿಲ್ಲ ಎನ್ನುವುದೇ ಖಂಡಪ್ಪನವರ ಅಂಜಿಕೆಯಾಗಿತ್ತು. ಒತ್ತಿ ಕೂರಿಸಿದ ಶಾಫ್ಟುಗಳ ಗತಿ ಅವರಿಗೆ ಗೊತ್ತು. ಹೊರಗೆ ಥಳಥಳ, ಒಳಗೆ ಕೂದಲೆಳೆಯಂಥ ಬಿರುಕು. ಕಣ್ಣಿಗೆ ಕಾಣದು, ಆರು ತಿಂಗಳಿಗೆ ಎರಡು ತುಂಡು. ಅಂಥ ಮಾಲನ್ನು ಹಿಡಿಯುವುದೇ ಅವರ ನೌಕರಿಯಾಗಿತ್ತು. ಕಾರ್ಖಾನೆಯ ಶಾಪಿನಲ್ಲಿ ಅವರ ಹೆಸರು ಲಾಲ್ ಚಿಟ್ಟಿ ಖಂಡಪ್ಪ. ಅವರು ಕೆಂಪು ಚೀಟಿ ಕಟ್ಟಿದ ಪಂಪು ಗೇಟು ದಾಟುತ್ತಿರಲಿಲ್ಲ. ಈಗ ತಮ್ಮದೇ ಕಾಲನ್ನು ಯಾರೋ ಚಟಚಟನೆ ಒತ್ತುವಾಗ, ತಪಾಸಣೆ ಮಾಡಬೇಕಾದ ಒಬ್ಬನೇ ಮನುಷ್ಯ ಬಾಯಿ ತೆರೆದು ಮಲಗಿರಬೇಕೆ?

ಇನ್ನೊಂದು ಸಂಕಟವಿತ್ತು, ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಭಾಂಡುಪಿನ ಅವರ ಬಿಲ್ಡಿಂಗಿನ ಬಚ್ಚಲು ಮೂರಡಿ ಅಗಲ, ನಾಲ್ಕಡಿ ಉದ್ದ. ಕಮೋಡಿನ ಮೇಲೆ ಕೂತರೆ ಮಡಚದ ಕಾಲು ಬಾಗಿಲಿನಾಚೆ ಬರುತ್ತಿತ್ತು. ಬಾಗಿಲು ಹಾಕಲಾಗದು. ಸೋಮವ್ವ ಚಾದರವೊಂದನ್ನು ಇಳಿಬಿಟ್ಟು, ಟಿವಿಯ ಸದ್ದು ಏರಿಸಿ, ಹೊರಗೆ ಕಾವಲು ನಿಲ್ಲುತ್ತಿದ್ದಳು. ಚಾದರದ ಕೆಳಗಿನಿಂದ ಅರ್ಧ ಕಾಲು ಹಾಲಿನೊಳಗೆ ಇಣುಕುತ್ತಿತ್ತು. ಪುಣೆಯಿಂದ ನೋಡಲು ಬಂದ ಮಗ ಕಿಶೋರ, ಸೊಸೆ ಸ್ನೇಹಲ್ ಆ ಕಾಲನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಿದ್ದರು. ಸೊಸೆ ದಾಟುವಾಗ "ಸಾರಿ ಪಪ್ಪಾ" ಎಂದಿದ್ದಳು. ಖಂಡಪ್ಪನವರು ಆ ದಿನವೇ ಸಾಯಬೇಕಿತ್ತು. ಆದರೆ ಸಾಯುವುದಕ್ಕೂ ಎದ್ದು ಬರಬೇಕಲ್ಲ.

ಮರುದಿನ ಫಿಸಿಯೋ ಹುಡುಗಿಗೆ ಫೋನ್ ಹೋಯಿತು. ಅವಳ ಹೆಸರು ಶೀತಲ. ತಂದೆ ವಿಜಯಪುರದವರು, ಅವಳು ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಕಾನ್ವೆಂಟಿನಲ್ಲಿ ಓದಿದವಳು. ಅವಳ ಕನ್ನಡ ಲೋಕಲ್ ಟ್ರೇನಿನಂತೆ ಪ್ರತಿ ಸ್ಟೇಷನ್ನಿಗೂ ನಿಂತು ಬರುತ್ತಿತ್ತು. ಬಂದವಳು ಮೊದಲು ಎರಡೂ ದಿಂಬು ಎತ್ತಿ ಸೋಫಾದ ಮೇಲೆ ಎಸೆದಳು.

"ಕಾಕಾ, ಇದು ಮತ್ತೆ ಕಾಲು ಕೆಳಗೆ ಕಂಡ್ರೆ... ನಾನು ಬರೋದಿಲ್ಲ. ಸಮ್ಝೇ?"

"ಸಮಝ್ ಗಯಾ" ಎಂದರು ಖಂಡಪ್ಪನವರು.

ಹೀಗೆ ಆ ಮನೆಯಲ್ಲಿ ಶೀತಲ ಸಮರ ಶುರುವಾಯಿತು. ದಿನಕ್ಕೆ ಎರಡು ಸಲ. ಅವಳು ಬರುವ ಮುಂಚೆ ನೋವಿನ ಗುಳಿಗೆ, ಹೋದ ಮೇಲೆ ಐಸಿನ ಚೀಲ. ನಡುವಿನ ನಲವತ್ತು ನಿಮಿಷಕ್ಕೆ ಮಾತ್ರ ಯಾವ ಔಷಧಿಯೂ ಇರಲಿಲ್ಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಹತ್ತಿರ ಎಳೆದುಕೊಳ್ಳಬೇಕು. ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಎಡಗಾಲನ್ನು ಬಲಗಾಲಿನ ಮೇಲಿಟ್ಟು ಹಿಂದಕ್ಕೆ ಒತ್ತಬೇಕು. ಆಮೇಲೆ ಶೀತಲ ತನ್ನ ಎರಡೂ ಕೈ ಇಟ್ಟು ಇನ್ನಷ್ಟು ಒತ್ತಿ, ಹತ್ತು ಎಣಿಸುತ್ತಿದ್ದಳು. ಅವಳ ಏಳಕ್ಕೂ ಎಂಟಕ್ಕೂ ನಡುವೆ ಎಷ್ಟು ಜಾಗವಿತ್ತೆಂದರೆ ಅಲ್ಲಿ ಇನ್ನೊಂದು ಬಿಲ್ಡಿಂಗ್ ಕಟ್ಟಬಹುದಿತ್ತು.

"ಜಲ್ದಿ ಎಣಿಸವಾ ತಾಯಿ!"

"ಕಾಕಾ, ಚಿಲ್ಲಾವೋ ಮತ್. ಉಸಿರು ಬಿಡಿ. ಉಸಿರು."

"ಉಸಿರೇನು, ಜೀವಾನೇ ಬಿಡ್ತೀನಿ!"

ಆ ಕೂಗಿಗೆ ಮೇಲಿನ ಮಹಡಿಯ ರಾಚವ್ವ ಇಳಿದು ಬಂದಳು. "ಏನವಾ ಸೋಮವ್ವ, ನಾ ಏನೋ ಆತು ಅಂದ್ಕೊಂಡು ಸೀರಿ ಬದಲಿಸ್ಕೊಂಡ ಬಂದೆ" ಎಂದಳು. ಏನೂ ಆಗಿಲ್ಲವೆಂದು ತಿಳಿದು ಅವಳ ಮುಖ ಸಣ್ಣದಾಯಿತು.

ಪ್ರತಿದಿನ ಕೊನೆಗೆ ಅಳತೆ. ಶೀತಲ ತನ್ನ ಪ್ಲಾಸ್ಟಿಕ್ ಕೋನಮಾಪಕ ಹಿಡಿಯುವಳು. ಖಂಡಪ್ಪನವರಿಗೆ ಅದರ ಮೇಲೆ ನಂಬಿಕೆಯಿಲ್ಲ. ನಿವೃತ್ತಿಯ ದಿನ ಶಾಪಿನ ಹುಡುಗರು ಕೊಟ್ಟ ಸ್ಟೀಲಿನ ಕೋನಮಾಪಕವನ್ನು ಮಖಮಲ್ಲಿನ ಪೆಟ್ಟಿಗೆಯಿಂದ ತೆಗೆಸಿ, ಸೋಮವ್ವನ ಕೈಯಲ್ಲಿ ಹಿಡಿಸಿ, ಕನ್ನಡಕ ಏರಿಸಿ, ಒಂದು ಡಿಗ್ರಿಯನ್ನು ಅರವತ್ತು ಮಿನಿಟಾಗಿ ಸೀಳಿ ತಾವೇ ಓದುವರು.

"ನನ್ನದು ಸಿಕ್ಸ್ಟಿ ಟೂ" ಎನ್ನುವಳು ಶೀತಲ.

"ತಪ್ಪು. ಅರವತ್ತು ಡಿಗ್ರಿ ಇಪ್ಪತ್ತು ಮಿನಿಟು."

"ಕಾಕಾ, ಕಾಲಿಗೆ ಮಿನಿಟ್ ಇರೋದಿಲ್ಲ!"

"ಸುಳ್ಳಿಗೆ ಇರೂದಿಲ್ಲ. ಅಳತಿಗೆ ಇರತೈತಿ."

ಕಿಶೋರ ಬಿಕಾಂ ಮಾಡುವಾಗಲೂ ಆ ಮನೆಯಲ್ಲಿ ಡಿಗ್ರಿಗಾಗಿ ಇಷ್ಟು ಒದ್ದಾಟ ನಡೆದಿರಲಿಲ್ಲ. ನಾಲ್ಕನೇ ದಿನಕ್ಕೆ ಅರವತ್ತಾರು. ಆರನೇ ದಿನಕ್ಕೆ ಎಪ್ಪತ್ತೊಂದು. ಖಂಡಪ್ಪನವರು ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಹಾಕಿದರು: ಈ ವೇಗದಲ್ಲಿ ಹೋದರೆ ಹದಿನಾಲ್ಕನೇ ದಿನಕ್ಕೆ ಎಂಬತ್ತೆಂಟೂ ಚಿಲ್ಲರೆ. ತೊಂಬತ್ತಲ್ಲ. ಆ ಚಿಲ್ಲರೆ ಅವರ ನೆಮ್ಮದಿ ಕೆಡಿಸಿತು. ಕಾಲ ಸರಿಯುತ್ತಿತ್ತು, ಕಾಲು ಮಾತ್ರ ಅದಕ್ಕೆ ತಕ್ಕಷ್ಟು ಸರಿಯುತ್ತಿರಲಿಲ್ಲ.

ಏಳನೇ ದಿನ ಮಧ್ಯಾಹ್ನ ಸೋಮವ್ವ ಕೊತ್ತಂಬರಿ ತರಲು ಕೆಳಗಿಳಿದಳು. ಖಂಡಪ್ಪನವರ ಕಣ್ಣು ಛಾವಣಿಗೆ ಹೋಯಿತು. ಮುಂಬಯಿಯ ಎಲ್ಲ ಮನೆಗಳಲ್ಲಿರುವಂತೆ ಅಲ್ಲೂ ಬಟ್ಟೆ ಒಣಹಾಕುವ ಕೊಳವೆಗಳು, ಕೊಳವೆಗಳಿಗೆ ರಾಟೆ, ರಾಟೆಗೆ ಹಗ್ಗ. ಹಗ್ಗ ಎಳೆದರೆ ಒದ್ದೆ ಚಾದರವೇ ಮೇಲೆ ಹೋಗುವಾಗ ಒಂದು ಕಾಲು ಯಾವ ಲೆಕ್ಕ? ಅವರು ಕುರ್ಚಿ ಎಳೆದುಕೊಂಡು ಕೂತರು. ಹಗ್ಗದ ತುದಿಯನ್ನು ಕುರ್ಚಿಯ ಹಿಂದಿನಿಂದ ಅದರ ಅಡಿಗೆ ತೂರಿಸಿ ತಂದು ಪಾದಕ್ಕೆ ಬಿಗಿದರು. ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಸುತ್ತಿಕೊಂಡು, ಕಣ್ಣು ಮುಚ್ಚಿ ಎಳೆದರು.

ಪಾದ ಕುರ್ಚಿಯ ಕೆಳಗೆ ಹೋಯಿತು. ಮೊಣಕಾಲಿನಲ್ಲಿ ಬೆಂಕಿ ಹೊತ್ತಿತು. ಖಂಡಪ್ಪನವರು ಹಗ್ಗ ಬಿಡಲಿಲ್ಲ. ಹತ್ತು ಎಣಿಸಿದರು, ಶೀತಲಳಿಗಿಂತ ನಿಧಾನವಾಗಿ. ಆಮೇಲೆ ಬಿಡಲು ಹೋದರೆ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತ್ತು.

ಸೋಮವ್ವ ಬಾಗಿಲು ತೆರೆದಾಗ ಗಂಡ ಕುರ್ಚಿಗೆ ಕಟ್ಟಿಸಿಕೊಂಡ ಕಳ್ಳನಂತೆ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಕೊತ್ತಂಬರಿ ಕೈಯಿಂದ ಬಿತ್ತು. "ಅಯ್ಯ ಶಿವನ! ಯಾರ್ ಬಂದಿದ್ರು?"

"ಯಾರೂ ಇಲ್ಲ. ಈಳಿಗಿ ತಾ. ಹಗ್ಗ ಕೊಯ್ಯಿ."

ಸಂಜೆಗೆ ಮೊಣಕಾಲು ಸೋರೆಕಾಯಿಯಷ್ಟು ಊದಿತು. ಶೀತಲ ಬಂದು ಮುಟ್ಟಿ ನೋಡಿ, ಬಿಸಿಯನ್ನು ಕೈಯಲ್ಲೇ ಅಳೆದು, ಡಾಕ್ಟರಿಗೆ ಫೋನ್ ಮಾಡಿದಳು. ಫೋನ್ ಇಟ್ಟವಳು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಮೂರು ದಿನ ಬಂದ್. ಖಾಲೀ ಐಸ್, ಕಾಲು ಎತ್ತರ. ಆರು ದಿನ ನಾವು ಮಾಡಿದ್ದು ಎಲ್ಲ... ಹೋಯಿತು ಕಾಕಾ." ಅಳತೆ ಹಿಡಿದಾಗ ಅರವತ್ತೆರಡು. ಸ್ಟೀಲಿನ ಕೋನಮಾಪಕವನ್ನು ಪೆಟ್ಟಿಗೆಯಿಂದ ತೆಗೆಯಿರೆಂದು ಖಂಡಪ್ಪನವರು ಹೇಳಲಿಲ್ಲ.

ಆ ಮೂರು ದಿನ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಜೀವಮಾನವಿಡೀ ಅಳೆದ ಮನುಷ್ಯ ಈಗ ಅಳುತ್ತಿದ್ದರು, ಸದ್ದಿಲ್ಲದೆ. ಸೋಮವ್ವ ಐಸಿನ ಚೀಲ ಬದಲಿಸಲು ಬಂದಾಗ ದಿಂಬಿನ ಹೊದಿಕೆಯನ್ನೂ ಬದಲಿಸುತ್ತಿದ್ದಳು, ಎರಡೂ ಒದ್ದೆಯಾಗಿರುತ್ತಿದ್ದವು. ಒಂದು ಸಲ ಅವಳು ಅಂಚಿಗೆ ಕೂತು ಕೇಳಿದಳು.

"ಏನ್ರೀ, ತೊಂಬತ್ತು ಆಗಲಿಲ್ಲಂದ್ರ ಏನಾತು? ನಾ ಚಾದರ ಹಿಡಕೊಂಡು ನಿಂದ್ರೂದಿಲ್ಲೇನು?"

"ಎಷ್ಟು ವರ್ಷ ನಿಂದರ್ತಿ?"

"ನನ್ನ ಮಣಕಾಲು ಇರೂತನಕ."

ಅವಳ ಎಡ ಮೊಣಕಾಲು ಕೂಡ ಏಳುವಾಗ ಕಟಕ್ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಹನ್ನೊಂದನೇ ದಿನ ಮತ್ತೆ ಶುರು. ಈಗ ಖಂಡಪ್ಪನವರು ವಾದಿಸಲಿಲ್ಲ, ಕೂಗಲಿಲ್ಲ. ಬಾಯಲ್ಲಿ ಟವೆಲ್ಲಿನ ಅಂಚು ಕಚ್ಚಿಕೊಂಡು ಶೀತಲಳ ಏಳಕ್ಕೂ ಎಂಟಕ್ಕೂ ನಡುವಿನ ಬಯಲನ್ನು ದಾಟಿದರು. ಅರವತ್ತೆಂಟು. ಹನ್ನೆರಡನೇ ದಿನ ಎಪ್ಪತ್ತಾರು. ಆ ಸಂಜೆ ಬಚ್ಚಲಿಗೆ ಹೋದವರು ಸುಮ್ಮನೆ ಕೈ ಚಾಚಿ ಬಾಗಿಲನ್ನು ಎಳೆದರು. ಅದು ಮೊಣಕಾಲನ್ನು ಸವರಿಕೊಂಡು ಬಂದು, ಚೌಕಟ್ಟಿಗೆ ಕೂತು, ಚಿಲಕ ಬಿತ್ತು. ಹೊರಗೆ ಸೋಮವ್ವ ಟಿವಿ ಆರಿಸಿದಳು. ಖಂಡಪ್ಪನವರು ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಒಳಗೇ ಕೂತಿದ್ದರು.

ಆದರೆ ಡಾಕ್ಟರು ಕೇಳಿದ್ದು ಬಾಗಿಲನ್ನಲ್ಲ, ತೊಂಬತ್ತನ್ನು.

ಹದಿಮೂರನೇ ದಿನ ಸಂಜೆ ಕೊನೆಯ ಅಳತೆ. ಮರುದಿನ ಹತ್ತು ಗಂಟೆಗೆ ಆಸ್ಪತ್ರೆ. ಶೀತಲ ಮೂರು ಸಲ ಅಳೆದಳು. ಮೂರು ಸಲವೂ ಎಂಬತ್ತೈದು. ಇನ್ನೊಮ್ಮೆ ಒತ್ತಲೇ ಎಂದು ಕಣ್ಣಲ್ಲೇ ಕೇಳಿದಳು. ಖಂಡಪ್ಪನವರು ತಲೆಯಾಡಿಸಿದರು. ಒತ್ತಿದಳು. ಟವೆಲ್ಲಿನೊಳಗಿಂದ ಬಂದ ಸದ್ದು ಮನುಷ್ಯನದಿರಲಿಲ್ಲ. ಎಂಬತ್ತೈದು.

ಅವಳು ಚಾರ್ಟನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.

"ಕಾಕಾ, ಒಂದು ಮಾತು. ಡಾಕ್ಟರ್ ಬಹಳ ಸಲ ಚಾರ್ಟ್ ನೋಡ್ತಾರೆ, ಬಸ್. ನಾಪ್ತೇ ನಹೀ, ಅಳೆಯೋದಿಲ್ಲ. ನಾನು... ನೈಂಟಿ ಬರೀಲಾ?"

ಸೋಮವ್ವ ಮಂಚದ ಕಡೆ ನೋಡಿದಳು. ಒಮ್ಮೆ ಶಾಪಿನಲ್ಲಿ ಇನ್ನೂರ ನಲವತ್ತು ಪಂಪುಗಳು ಅರ್ಧ ಡಿಗ್ರಿಯ ಓರೆಗಾಗಿ ಗೇಟಿನೊಳಗೇ ಉಳಿದಿದ್ದವು. ಹಡಗು ಕಾಯುತ್ತಿತ್ತು, ಮ್ಯಾನೇಜರು ಕೈ ಮುಗಿದಿದ್ದ, "ರೌಂಡ್ ಆಫ್ ಮಾಡ್ರಿ ಖಂಡಪ್ಪ" ಎಂದು ಮನೆತನಕ ಬಂದು ಇದೇ ಮಂಚದ ಮೇಲೆ ಕೂತು ಬೇಡಿದ್ದ. ಚಹಾ ಕುಡಿಸಿ ಕಳಿಸಿದ್ದರು. ಕೆಂಪು ಚೀಟಿ ಕಟ್ಟಿದ್ದು ಕಟ್ಟಿದ್ದೇ. ಆ ವರ್ಷದ ಬಡ್ತಿ ಬೇರೆಯವನಿಗೆ ಹೋಯಿತು.

"ಬರಿ" ಎಂದರು ಖಂಡಪ್ಪನವರು.

ಶೀತಲ ಬರೆದಳು. ಕೆಳಗೆ ರೋಗಿಯ ಸಹಿಗೊಂದು ಗೆರೆಯಿತ್ತು. ಅವರು ಕನ್ನಡಕ ಹಾಕಿಕೊಳ್ಳದೆ ಸಹಿ ಮಾಡಿದರು. ಸೋಮವ್ವ ಚಹಾಕ್ಕೆ ನೀರಿಡಲು ಹೋದಳು. ಹಾಲು ಹಾಕುವುದನ್ನು ಮರೆತಳು, ಕರಿ ಚಹಾವನ್ನೇ ಮೂವರೂ ಕುಡಿದರು.

ಬೆಳಿಗ್ಗೆ ಡಾಕ್ಟರು ಚಾರ್ಟ್ ನೋಡಿದರು. "ಭೇಷ್" ಎಂದರು. ಶೀತಲ ಗೋಡೆಗೆ ಒರಗಿ ನಿಂತಿದ್ದಳು. ಅವಳ ಭುಜ ಒಂದಿಂಚು ಇಳಿಯಿತು. ಅಷ್ಟರಲ್ಲಿ ಡಾಕ್ಟರು ಡ್ರಾಯರಿನಿಂದ ಕೋನಮಾಪಕ ತೆಗೆದರು. "ಮಡಚಿ, ನೋಡುವ."

ಖಂಡಪ್ಪನವರು ಮಡಚಿದರು. ಬೆನ್ನ ಬೆವರು ಬನಿಯನ್ನಿಗೆ ಅಂಟಿತು. ಸೊಂಟವನ್ನು ಮೆಲ್ಲಗೆ ಎತ್ತಿ ಕಾಲು ಹೆಚ್ಚು ಮಡಚಿದಂತೆ ತೋರಿಸಲು ನೋಡಿದರು. ಡಾಕ್ಟರು ಅಂಗೈಯಿಂದ ಸೊಂಟವನ್ನು ಮೆತ್ತಗೆ ಕೆಳಗೊತ್ತಿದರು. ಬಗ್ಗಿ ಓದಿದರು. ಚಾರ್ಟನ್ನು ಇನ್ನೊಮ್ಮೆ ನೋಡಿದರು. ಮತ್ತೆ ಬಗ್ಗಿ ಓದಿದರು.

"ಎಂಬತ್ತಾರು."

ಡಾಕ್ಟರು ಫೈಲಿನಿಂದ ಆ ಫಾರ್ಮನ್ನು ಎಳೆದರು. ಸೋಮವ್ವ ಗಂಡನ ಅಂಗಿಯ ತೋಳು ಹಿಡಿದುಕೊಂಡಳು. ಡಾಕ್ಟರು ಫಾರ್ಮನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು.

"ಎಂಬತ್ತಾರು ಧಾರಾಳ ಸಾಕು. ಎರಡು ವಾರಕ್ಕೆ ಇಪ್ಪತ್ತೆಂಟು ಏರಿದ ಕಾಲು ಇನ್ನು ತಾನೇ ಏರುತ್ತದೆ, ವ್ಯಾಯಾಮ ಬಿಡಬೇಡಿ. ನಿಜ ಹೇಳಬೇಕೆಂದರೆ ಎಂಬತ್ತಕ್ಕೂ ನಾನು ಬಿಟ್ಟುಬಿಡುತ್ತಿದ್ದೆ. ತೊಂಬತ್ತು ಅಂತ ಹೇಳಿದ್ದು ನೀವು ಮತ್ತೆ ದಿಂಬು ಹುಡುಕಬಾರದೆಂದು."

ಸೋಮವ್ವ ಕಣ್ಣೊರೆಸಿಕೊಂಡಳು. ಬೇಕಿಲ್ಲದ ನಾಲ್ಕು ಡಿಗ್ರಿ ಖಂಡಪ್ಪನವರ ಸಹಿಯ ಮೇಲೆ, ಚಾರ್ಟಿನಲ್ಲಿ, ನೀಲಿ ಶಾಯಿಯಲ್ಲಿ ಕೂತಿತ್ತು.

ಡಾಕ್ಟರು ಚಾರ್ಟನ್ನು ಅವರ ಮುಂದೆ ತಿರುಗಿಸಿ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಖಂಡಪ್ಪನವರೇ, ನೀವು ಮೂವತ್ತನಾಲ್ಕು ವರ್ಷ ತಪಾಸಣೆ ಮಾಡಿದವರು. ಇಲ್ಲಿ ತೊಂಬತ್ತು ಅಂತ ಉಂಟು, ನನ್ನ ಕೈಯಲ್ಲಿ ಎಂಬತ್ತಾರು. ನೀವೇ ಹೇಳಿ, ಇಂಥ ಕಾಗದ ನಿಮ್ಮ ಮೇಜಿಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ?"

ಶೀತಲ ನೆಲ ನೋಡಿದಳು. ಸೋಮವ್ವ ಗಂಡನನ್ನು ನೋಡಿದಳು. ಖಂಡಪ್ಪನವರು ಕನ್ನಡಕ ಏರಿಸಿ ಚಾರ್ಟನ್ನು ಓದಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ನಾ ರಿಟೈರ್ ಆಗಿ ಎಂಟು ವರ್ಷ ಆತ್ರಿ."